ಯುಗಾದಿಗೆ ಮೊದಲು ಒಂದು ಮಾತು ಧ್ರುವಕ್ಕೆ ಮುಟ್ಟಿಸಿರಿ

ಗಜೇಂದ್ರಗಡ, ಫೆಬ್ರುವರಿ ೧೯೫೮

ದಕ್ಷಿಣ ಧ್ರುವದ ಸಂಶೋಧಕರಿಗೆ ಸಾಮಾನು ಒದಗಿಸುವ ಮುಂಬಯಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ಮೊಹರು ಹಾಕಿ ಹಡಗಿಗೇರಿಸಿದ ಅಂಗಿಯೊಂದು ನನ್ನ ತಮ್ಮನ ಜೀವಕ್ಕೆ ಮುಳುವಾಗುವಂತಿದೆ. ಅದನ್ನು ತೊಡಬೇಡವೆಂದು ಅವನಿಗೆ ತಿಳಿಸಲು ನಿಮ್ಮ ಕಚೇರಿ ಒಪ್ಪುತ್ತಿಲ್ಲ.

ನಾನು ನೇಕಾರ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ತಮ್ಮ ಮುತ್ತಪ್ಪ ಅಲ್ಲಿಯ ವಿಜ್ಞಾನಿಗಳ ಬಿಡಾರದಲ್ಲಿ ಅಡಿಗೆಯವನು. ಮನೆಯವರು ಬಟ್ಟೆ ಕಳಿಸಬಹುದೆಂದು ನೀವೇ ತಿಳಿಸಿದಿರಿ. ಎಂಥ ಬಟ್ಟೆ ಎಂದು ತಿಳಿಸುವ ತೊಂದರೆ ತೆಗೆದುಕೊಳ್ಳಲಿಲ್ಲ. ನಮ್ಮ ಅವ್ವ ಹನುಮವ್ವ ಹತ್ತಿಯ ನೂಲನ್ನು ಜೋಡೆಳೆ ಮಾಡಿ ಅಂಗಿಯ ಅರಿವೆ ನೇಯ್ದಳು. "ಗಂಜಿ ಬಿಗಿ ಇದ್ರ ಗಾಳಿ ಒಳಗ ಬರಂಗಿಲ್ಲೋ" ಎಂದು ನೇಯುವ ಮೊದಲೇ ನೂಲಿಗೆ ಎರಡು ಸಲ ಗಂಜಿ ಹಚ್ಚಿದ್ದಳು. ಒಮ್ಮೆ ತೊಳೆದು ಕಳಿಸೋಣವೆಂದರೆ ನನ್ನ ಮೇಲೆ ಹರಿಹಾಯ್ದಳು. ಮಗ್ಗದಿಂದ ಇಳಿದ ಅರಿವೆಯನ್ನು ತೊಡುವವನಿಗಿಂತ ಮೊದಲು ನೀರು ಮುಟ್ಟಬಾರದು, ಅದು ನಮ್ಮ ಮನೆತನದ ರೂಢಿ. ಯುಗಾದಿಗೆ ತೊಡಬೇಕು, ಹಬ್ಬ ಮುಗಿಯುವತನಕ ತೆಗೆಯಕೂಡದು ಎಂದೂ ಹೇಳಿಕಳಿಸಿದ್ದಾಳೆ. ಅವ್ವನ ಮಾತನ್ನು ಅವನು ಮೀರುವವನಲ್ಲ.

ಗಂಟು ಮುಟ್ಟಿತೋ ಇಲ್ಲವೋ ಎಂಬ ಚಿಂತೆ ಹತ್ತಿ ಮುಂಬಯಿಗೇ ಬಂದಿದ್ದೆ. ನಿಮ್ಮಲ್ಲಿ ನಮ್ಮ ಕಡೆಯ ಗುಮಾಸ್ತರೊಬ್ಬರು ಸಿಕ್ಕರು.

"ಮುಟ್ಟೇತಿ ಬಿಡ್ರಿ. ಏನು ಕಳಿಸಿದ್ರಿ?"

"ಅವ್ವ ನೇಯ್ದ ಹತ್ತಿ ಅಂಗಿರಿ."

"ಹತ್ತೀದೇನ್ರಿ? ಬೆವತು ಹಸಿ ಆತಂದ್ರ ಮೈಮ್ಯಾಲೇ ಬರ್ಫ ಆಗ್ತದ! ಅಲ್ಲಿ ಉಣ್ಣೀದು ಬೇಕ್ರಿ."

"ಮತ್ತ ನೀವ್ಯಾಕ ತಗೊಂಡ್ರಿ?"

"ನಮ್ಮ ಕೆಲಸ ತೂಕ ನೋಡೂದಷ್ಟ."

"ಹಂಗಾರ ವಾಯರ್‌ಲೆಸ್ಸಿನ್ಯಾಗ ಬ್ಯಾಡಂತ ಹೇಳ್ರಿ."

"ಅದು ವಿಜ್ಞಾನದ ಸುದ್ದಿಗೆ ಐತ್ರಿ. ಮನಿ ಸುದ್ದಿ ಹೋಗಂಗಿಲ್ಲ."

ಅಲ್ಲಿಯ ಗಾಳಿ ಎತ್ತ ಬೀಸಿತು, ಥಂಡಿ ಎಷ್ಟು ಎಂಬುದೆಲ್ಲ ನಿಮಗೆ ದಿನಾಲು ತಿಳಿಯುತ್ತದಂತೆ, ಬಹಳ ಸಂತೋಷ. ಆದರೆ ಒಲೆಯ ಮುಂದೆ ಬೆವೆತು, ಕುಡಿಯುವ ನೀರಿಗೆಂದು ಹಿಮ ಕಡಿಯಲು ಹೊರಗೆ ಹೋಗುವವನ ಮೈ ಯಾವ ವಿಜ್ಞಾನಕ್ಕೂ ಸೇರುವುದಿಲ್ಲವೇ? ವಿಜ್ಞಾನಿಗಳೇನು ಉಪವಾಸವಿದ್ದು ಥಂಡಿ ಅಳೆಯುತ್ತಾರೆಯೇ? "ನಿಮಗ ಚಿಂತಿ ಮಾಡೂದ ಒಂದು ಕಸಬು" ಎಂದು ನನ್ನ ಹೆಂಡತಿ ಅನ್ನವ್ವ ಜರೆಯುತ್ತಾಳೆ. ಇರಬಹುದು. ಆದರೆ ಬಟ್ಟೆಯೂ ಕೊಲ್ಲುತ್ತದೆಂದು ಈ ಬಿಸಿಲಿನ ಊರಿನಲ್ಲಿ ನಮಗೆ ಯಾರು ಕಲಿಸಬೇಕಿತ್ತು?

ಯುಗಾದಿಯ ಒಳಗೆ "ಆ ಅಂಗಿ ತೊಡಬೇಡ" ಎಂದಷ್ಟೇ ತಿಳಿಸಿರಿ. ಅಣ್ಣ ಹೇಳಿದನೆಂದರೆ ನಕ್ಕುಬಿಡುತ್ತಾನೆ. ಅವ್ವ ಹೇಳಿದಳೆಂದೇ ಹೇಳಿರಿ. ಅವ್ವನಿಗೆ ನಾನಿನ್ನೂ ಏನೂ ತಿಳಿಸಿಲ್ಲ. ಮುಂದಿನ ಹಡಗಿಗೆ ಬೇಕೆಂದು ಅವಳು ಇನ್ನೊಂದು ಅಂಗಿಯ ಅರಿವೆ ನೇಯುತ್ತಿದ್ದಾಳೆ. ಬೇಡವೆನ್ನಲು ಬಾಯಿ ಬಾರದೆ, ಪಕ್ಕದಲ್ಲಿ ಕೂತು ನಾನೇ ನೂಲು ಸುತ್ತಿಕೊಡುತ್ತಿದ್ದೇನೆ.

ಇಂತಿ,
ಮಗ್ಗ ನಡೆದರೂ ನಿಂತರೂ ಎದೆ ಹಾರುವ
ಗವಿಸಿದ್ದಪ್ಪ