ಮಹಡಿಯಿಂದ ಇಳಿದ ಕುಂಡಗಳು

ಮನೆಯಿಂದ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಬೆನ್ನುನೋವು ತಗ್ಗಿತಾ? ಫೋನಿಗೆ ನೀನು ಬರುವುದಿಲ್ಲ, ಅದಕ್ಕೇ ಈ ಕಾಗದ. ಗಾಲಿಕುರ್ಚಿಯನ್ನು ಈಗ ನೀನೇ ತಳ್ಳಿಕೊಂಡು ಊಟಕ್ಕೆ ಹೋಗುತ್ತೀಯಂತೆ, ಅಲ್ಲಿನ ಆಸ್ಪತ್ರೆಯ ನರ್ಸಮ್ಮ ಹೇಳಿದರು. ತಿರುವಿನಲ್ಲಿ ಕಂಡವರ ಕಾಲ ಮೇಲೆ ಹತ್ತಿಸುತ್ತೀಯ ಅಂತಲೂ ಹೇಳಿದರು. ಸೈಕಲ್ ಕಲಿಯುವಾಗಲೂ ನೀನು ಹಾಗೇ ಇದ್ದೆ, ಬಿಡು. ನಾವೆಲ್ಲ ಚೆನ್ನಾಗಿದ್ದೇವೆ. ಮನೆ ಕೆಳಗಿನ ವೆಲ್ಡಿಂಗ್ ಅಂಗಡಿಯಲ್ಲಿ ಕೈತುಂಬ ಕೆಲಸವಿದೆ.

ನಿನ್ನ ಕಾಗದ ಓದಿದೆ. ಇನ್ನು ಮಹಡಿ ಹತ್ತುವುದು ಆಗದ ಮಾತು, ಅಲ್ಲಿರುವ ದಪ್ಪ ಎಲೆಯ ಸಕ್ಯುಲೆಂಟ್ ಗಿಡಗಳನ್ನೆಲ್ಲ ನರ್ಸರಿಯವನಿಗೆ ಕೊಟ್ಟುಬಿಡು, ನಾನೂ ಇಲ್ಲೇ ಪಕ್ಕದ ಹಾಸ್ಟೆಲಿನಲ್ಲಿ ಇದ್ದುಬಿಡುತ್ತೇನೆ ಅಂತ ಬರೆದಿದ್ದೆ. ಓದಿ ನನಗೆ ಊಟ ಸೇರಲಿಲ್ಲ. ಆದರೂ ನಿನ್ನ ಮಾತು ಮೀರಿ ಅಭ್ಯಾಸವಿಲ್ಲವಲ್ಲ, ನರ್ಸರಿಯವನಿಗೆ ಹೇಳಿ ಕಳಿಸಿದೆ.

ಅದಕ್ಕೂ ಮೊದಲೇ, ಹೋದ ತಿಂಗಳು, ಒಂದು ಎಡವಟ್ಟಾಗಿತ್ತು. ನೀರಿನ ಟ್ಯಾಂಕ್ ಸೋರಿ ನಿನ್ನ ದಪ್ಪಮ್ಮ, ಅದೇ ಅರಳಿದ ತಾವರೆಯ ಹಾಗೆ ಸುತ್ತ ಎಲೆ ಜೋಡಿಸಿಕೊಂಡು ಕೂತಿರುವ ಬೂದುನೀಲಿ ಗಿಡ, ಬುಡದಲ್ಲಿ ಕೊಳೆತು ವಾಲಿಕೊಂಡಿತು. ನಾನು ಎಸೆಯಲು ಹೊರಟೆ. ನಮ್ಮನೆಯವಳು ಕೈ ಹಿಡಿದಳು. "ತಡೀರಿ, ಅತ್ತಿಗೆ ಏನು ಮಾಡ್ತಿದ್ದರು ಅಂತ ನಾನು ನೋಡಿದ್ದೀನಿ" ಅಂದು, ಕೊಳೆತ ಕಾಂಡವನ್ನು ಪೂರ್ತಿ ಕುಯ್ದು ತೆಗೆದು, ಗಾಯ ಒಣಗುವ ತನಕ ನೆರಳಲ್ಲಿಟ್ಟಳು. ಆಮೇಲೆ ಒಣ ಮರಳುಮಣ್ಣಿನ ಮೇಲೆ ಸುಮ್ಮನೆ ಕೂರಿಸಿದಳು. ಬೇರಿಲ್ಲ, ನೀರಿಲ್ಲ, ಇದೇನು ಬದುಕುತ್ತೆ ಅಂತ ನಾನು ನಕ್ಕೆ. "ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿದೆ, ನೀವು ಸುಮ್ಮನಿರಿ" ಅಂದಳು.

ನರ್ಸರಿಯವನು ಬುಟ್ಟಿಗಳ ಸಮೇತ ಬಂದವನು ಮೊದಲು ದಪ್ಪಮ್ಮನನ್ನೇ ಮೆಲ್ಲಗೆ ಎತ್ತಿ ನೋಡಿದ. ಕೆಳಗೆ ನೂಲಿನಷ್ಟು ಸಣ್ಣ ಗುಲಾಬಿ ಬೇರುಗಳು. "ಇಷ್ಟು ಚೆನ್ನಾಗಿ ಬೆಳೆಸಿದವರು ಎಲ್ಲಿ?" ಅಂತ ಕೇಳಿದ. "ಬರ್ತಾರೆ" ಅಂದುಬಿಟ್ಟೆ. ಬಾಯಿಂದ ತಾನಾಗಿ ಬಂತು ಅಕ್ಕಾ. "ಮತ್ತೆ ನಾನ್ಯಾಕೆ ಒಯ್ಯಲಿ?" ಅಂತ ಅವನು ಖಾಲಿ ಬುಟ್ಟಿ ಹೊತ್ತು ಹೊರಟ. ಸುಮ್ಮನೆ ಬಂದದ್ದಾಗಬಾರದು ಅಂತ ನಮ್ಮನೆಯವಳು ಒಂದು ಪುಟ್ಟ ಮರಿಗಿಡ ಕಿತ್ತು ಕೊಟ್ಟಳು.

ಅವತ್ತೇ ಎಲ್ಲ ಕುಂಡಗಳನ್ನೂ ಕೆಳಗಿಳಿಸಿ ಅಂಗಡಿಯ ಮುಂದಿಟ್ಟೆವು. ಬೆಳಗಿನ ಬಿಸಿಲು ಅಲ್ಲಿ ಚೆನ್ನಾಗಿ ಬೀಳುತ್ತೆ. ಗೇಟು ಮಾಡಿಸಲು ಬಂದವರು ಗೇಟು ಮರೆತು ಗಿಡದ ವಿಚಾರ ಕೇಳುತ್ತಾರೆ. ನನಗೇನು ಗೊತ್ತು, ಅಕ್ಕ ಬಂದ ಮೇಲೆ ಕೇಳಿ ಅನ್ನುತ್ತೇನೆ. ನಿನ್ನ ಮಾತು ಮೀರಿದ್ದಕ್ಕೆ ಸಿಟ್ಟು ಬಂದಿದ್ದರೆ ಇಲ್ಲಿಗೇ ಬಂದು ಬೈ.

ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ

ಬರೆಯಲು ಮರೆತೆ: ಅಂಗಡಿ ಮುಂದಿನ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ್ದೇನೆ, ಸಿಮೆಂಟ್ ಇನ್ನೂ ಹಸಿ. ಕುಂಡಗಳಿಗೆ ಕಬ್ಬಿಣದ ಮೇಜು ಬೆಸೆಯುತ್ತಿದ್ದೇನೆ. ಗಾಲಿಕುರ್ಚಿಯಲ್ಲಿ ಕೂತಾಗ ನಿನ್ನ ಮಂಡಿ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತೆ ಅಂತ ಯಾರಿಂದಾದರೂ ಅಳೆಸಿ ಬೇಗ ತಿಳಿಸು. ಮೇಜಿನ ಕಾಲು ಇನ್ನೂ ಕತ್ತರಿಸಿಲ್ಲ.