ಪಡಸಾಲೆಯ ಎರಡು ನೆಲ

ಹಳೇ ಹುಬ್ಬಳ್ಳಿ
18 ನವೆಂಬರ್ 2024, ಸೋಮವಾರ

ತಂಗಿ ದಾಕ್ಷಾಯಿಣಿಗೆ ಅಣ್ಣ ಕುಬೇರಪ್ಪನ ಆಶೀರ್ವಾದಗಳು.

ಬಾಗಲಕೋಟೆಯಲ್ಲಿ ನೀವೆಲ್ಲ ಕ್ಷೇಮವಾಗಿದ್ದೀರಿ ಎಂದು ತಿಳಿದು ಬರೆಯುತ್ತಿದ್ದೇನೆ. ಇಲ್ಲಿ ನಾವೂ ಕ್ಷೇಮ ಎಂದು ಬರೆಯುವುದು ರೂಢಿ. ಉಣ್ಣುತ್ತಿದ್ದೇವೆ, ಅಂಗಡಿಗೆ ಹೋಗಿ ಬರುತ್ತಿದ್ದೇವೆ, ಅಷ್ಟು ಮಾತ್ರ ಖರೆ. ಅವ್ವ ಹೋಗಿ ಐದು ತಿಂಗಳಾಯಿತು. ಈ ಐದು ತಿಂಗಳಲ್ಲಿ ನಿನಗೆ ಒಂದು ಕಾಗದ ಬರೆಯಲಿಲ್ಲ, ತಪ್ಪಾಯಿತು. ಫೋನು ಹಚ್ಚಿದರೆ, ಕುಮಾರನ ಮಾತು ತೆಗೆಯುತ್ತೇನೆಂದು ನೀನು ಎತ್ತುವುದಿಲ್ಲ. ಎತ್ತಿದ್ದರೂ ನಾನು ಎರಡನೇ ಮಾತಿಗೇ ಬೈದು ಕೆಲಸ ಕೆಡಿಸುತ್ತಿದ್ದೆ. ಕಾಗದದ ಮೇಲೆ ಬೈದರೆ ಹರಿದುಹಾಕಿ ಮತ್ತೆ ಬರೆಯಬಹುದು. ಇದು ಮೂರನೇ ಹಾಳೆ. ನಿಮ್ಮ ಯಜಮಾನರ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಕೊಂಡು ಕೂತರೆ ಏನೂ ಆಗುವುದಿಲ್ಲ, ಡಾಕ್ಟರಿಗೆ ತೋರಿಸಲು ಹೇಳು.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿ ಅಪ್ಪ ಕಾಳಿನ ಅಂಗಡಿಯಲ್ಲಿ ಕೂಡಿಸಿದವನು ನಾನು. ನೇರವಾಗಿ ಕೇಳು. ಹೋದ ವಾರ ನಿನ್ನ ತಮ್ಮ ಕುಮಾರಸ್ವಾಮಿ ತನ್ನ ಮಗಳು ಸುಮಲತಾಳ ಲಗ್ನದ ಕಾರ್ಡು ಕೊಡಲು ನಿನ್ನ ಮನೆಗೆ ಬಂದಿದ್ದ. ತಿರುಗಿ ಬಂದವನು, "ಅಕ್ಕ ಊರಾಗ ಇರಲಿಲ್ಲಣ್ಣ. ಬಾಜೂ ಮನಿಯವರ ಕೈಯಾಗ ಕೊಟ್ಟು ಬಂದೆ" ಎಂದ. ನಿನಗೆಂದು ಒಯ್ದ ಸೀರೆ, ಖಣ, ಕಾಯಿ ಚೀಲದಲ್ಲಿ ಹಾಗೇ ಇದ್ದವು. ಕಾರ್ಡೂ ಇತ್ತು. ಚಿಕ್ಕಂದಿನಿಂದ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ನೀನು ಬಾಗಿಲು ತೆರೆಯಲಿಲ್ಲ.

ಡಿಸೆಂಬರ್ ಎಂಟಕ್ಕೆ ಲಗ್ನ. ಸೋದರತ್ತೆ ಇಲ್ಲದೆ ಅರಿಷಿಣದ ಹುಡುಗಿಗೆ ಸುರಗಿಯ ನೂಲು ಸುತ್ತುವುದು ಹೇಗೆ ಎಂದು ಕುಮಾರನ ಹೆಂಡತಿ ಸುಕನ್ಯಾ ನನ್ನ ಹೆಂಡತಿಯ, ನಿನ್ನ ವೈನಿಯ ಮುಂದೆ ಕೂತು ಅತ್ತಳು. ಕುಮಾರನ ಮೇಲೆ ನೀನಿಟ್ಟ ಸಿಟ್ಟು ಇಳಿಯಬೇಕು, ಅದಕ್ಕೇ ಈ ಕಾಗದ. ಅವ್ವ ಹೋದ ದಿನ ನೀನು ಬಂದಾಗ ಕಂಡದ್ದು ಇಷ್ಟೇ: ಹೆತ್ತ ತಾಯಿಯ ಹೆಣವನ್ನು ಮನೆಯೊಳಗೆ ಕೂಡಿಸದೆ ಬೀದಿಯ ಕಟ್ಟೆಯ ಮೇಲೆ ಕೂಡಿಸಿದ್ದರು. ಅದರ ಹಿಂದಿನದು ನಿನಗೆ ಗೊತ್ತಿಲ್ಲ.

ಮನೆ ಎರಡು ಪಾಲಾದದ್ದು ನಿನಗೆ ಗೊತ್ತು. ಪಡಸಾಲೆಯ ನಡುವೆ ಗೆರೆ ಹೊಡೆದು, ಬೀದಿ ಬಾಗಿಲಿಂದ ಎಡಕ್ಕೆ ನಾನು, ಬಲಕ್ಕೆ ಅವನು ಎಂದಾಯಿತು. ಅವನು ತನ್ನ ಪಾಲಿನ ಹಳೆಯ ಫರಸಿ ಕಲ್ಲಿನ ಮೇಲೇ ಹೊಳೆಯುವ ಟೈಲ್ಸ್ ಹಾಕಿಸಿದ. ಮುಖ ಕಾಣುವಂಥವು. ಅವನ ನೆಲ ನನ್ನದಕ್ಕಿಂತ ಎರಡು ಬೆರಳು ಎತ್ತರವಾಯಿತು. ಸೋಮವಾರ ಸುಕನ್ಯಾ ನೆಲ ತೊಳೆದರೆ ನೀರೆಲ್ಲ ನನ್ನ ಕಡೆ ಇಳಿಯುತ್ತಿತ್ತು. ನಾನು ಯಾರಿಗೂ ಒಂದು ಮಾತು ಹೇಳದೆ ಗೆರೆಯುದ್ದಕ್ಕೂ ಸಿಮೆಂಟಿನ ಒಡ್ಡು ಕಟ್ಟಿಸಿದೆ. ಹೊಲದಲ್ಲಿ ಕಟ್ಟುವ ಒಡ್ಡನ್ನು ಪಡಸಾಲೆಯಲ್ಲಿ ಕಟ್ಟಿದವನು ಇಡೀ ಹುಬ್ಬಳ್ಳಿಯಲ್ಲಿ ನಾನೊಬ್ಬನೇ ಇರಬೇಕು. ಒಂದು ತಿಂಗಳು ನನ್ನ ಕಡೆ, ಒಂದು ತಿಂಗಳು ಅವನ ಕಡೆ ಉಣ್ಣುತ್ತಿದ್ದ ಅವ್ವ ಎರಡು ಸಲ ಅದಕ್ಕೆ ಎಡವಿದಳು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಡಾಕ್ಟರು, ಗುಂಡಿಗೆ ಸೋತಿದೆ, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಒಂದು ಮುಂಜಾನೆ ಅವ್ವ ಇಬ್ಬರನ್ನೂ ಕರೆದಳು. ಚಹದ ಬಟ್ಟಲು ಕೈಯಲ್ಲೇ ಇತ್ತು.

"ನಿಮ್ಮಪ್ಪ ಸತ್ತಾಗ ಕೂಡಿಸಿದ ಗ್ವಾಡಿಗೇ, ನಾ ಸತ್ತ ಮ್ಯಾಲ ನನ್ನೂ ಕೂಡಸ್ರಿ ಅಂತ ಹೇಳೇನಿ. ಆದ್ರ ಆ ಗ್ವಾಡಿ ನಟ್ಟನಡುವ ನಿಮ್ಮ ಒಡ್ಡು ಬಂದೈತಿ. ನನ್ನ ಯಾವ ಕಡೆ ಕೂಡಸ್ತೀರಿ? ಕಲ್ಲಿನ ಮ್ಯಾಲೋ, ಗಾಜಿನ ಮ್ಯಾಲೋ?"

"ಎಂಥಾ ಮಾತ ಆಡ್ತಿ ಯವ್ವಾ" ಎಂದು ಕುಮಾರ ತಲೆ ತಗ್ಗಿಸಿದ.

ನಾನು, "ನನ್ನ ಕಡೆ. ಹಿರೇ ಮಗ ನಾನು" ಎಂದೆ.

"ಹಂಗಾರ ಯಾರ ಕಡೆಗೂ ಬ್ಯಾಡ" ಎಂದಳು ಅವ್ವ. "ನೆಲ ಒಂದು ಮಾಡ್ರಿ. ಅಲ್ಲೀತನಕ ನಾ ಸಾಯೂದಿಲ್ಲ."

ಎಂಟು ವರ್ಷದ ನಂತರ ನಾವಿಬ್ಬರೂ ಒಂದೇ ಸ್ಕೂಟರಿನ ಮೇಲೆ ಕೂತು ಗೋಕುಲ ರಸ್ತೆಯ ಟೈಲ್ಸ್ ಅಂಗಡಿಗೆ ಹೋದೆವು. ಅಲ್ಲಿ ಸೌರಭ ಎಂಬ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ನಮ್ಮನ್ನು ಅರ್ಧ ದಿನ ತಿರುಗಿಸಿದ. ಹಳೆಯ ಮನೆಗೆ ಹೊಂದಬೇಕು, ಹೊಸದೂ ಕಾಣಬೇಕು ಎಂದು ಕುಮಾರ ಹೇಳಿದ. ಹುಡುಗ ಒಂದು ಟೈಲ್ಸ್ ತಂದು ಮುಂದೆ ಇಟ್ಟ. ನಮ್ಮ ಫರಸಿ ಕಲ್ಲಿನಂತೆಯೇ ಬೂದು ಬಣ್ಣ, ಅದೇ ಗೀರು, ಅದೇ ಕಲೆ, ಎಲ್ಲ ಅಚ್ಚು ಒತ್ತಿದ್ದು.

"ಕಾಕಾರ, ಇದು ಹಳೇ ಲುಕ್ರಿ. ಮೆಂಟೇನೆನ್ಸ್ ಇಲ್ಲ."

"ಮನಿತುಂಬ ಕಲ್ಲು ಬಿದ್ದಾವ ತಮ್ಮಾ, ಕಲ್ಲಿನ ಫೋಟೋ ತಗೊಂಡು ಏನ ಮಾಡ್ಲಿ? ನಾಳೆ ರೊಟ್ಟಿ ಬದ್ಲಿ ರೊಟ್ಟಿ ಫೋಟೋ ಕೊಡ್ತಿ" ಎಂದೆ.

ಕುಮಾರ ನಕ್ಕ. ಅವನು ನನ್ನ ಮಾತಿಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಹೊಳಪಿಲ್ಲದ, ಕಾಲು ಜಾರದ, ಮಜ್ಜಿಗೆ ಬಣ್ಣದ ಒಂದು ಟೈಲ್ಸನ್ನು ಅವನು ತೋರಿಸಿದ. ಕೆಟ್ಟದ್ದಿರಲಿಲ್ಲ. ನಾನು ಛಲೋ ಐತಿ ಎನ್ನಲಿಲ್ಲ, ರೇಟು ಕೇಳಿದೆ.

ಕೆಲಸಕ್ಕೆ ಜುಲ್ಫಿಕಾರನನ್ನು ಕರೆಸಿದೆವು. ನಿನಗೆ ನೆನಪಿರಬೇಕು, ನಮ್ಮ ಓಣಿಯ ಕೊನೆಯ ಮನೆಯ ಗೌಂಡಿ, ಅವರಪ್ಪನೇ ನಮ್ಮ ಪಡಸಾಲೆಗೆ ಮೊದಲು ಕಲ್ಲು ಹಾಸಿದವನು. ನಾನು ನಡುವೆ ಕಲ್ಲು, ಅಂಚಿಗೆ ಟೈಲ್ಸ್ ಎಂದೆ. ಕುಮಾರ ಅದರ ಉಲ್ಟಾ ಹೇಳಿದ. ಜುಲ್ಫಿಕಾರ ಇಬ್ಬರನ್ನೂ ಬಿಟ್ಟು ಪಡಸಾಲೆಯಲ್ಲಿ ಒಂದು ಸುತ್ತು ತಿರುಗಿ ಬಂದ.

"ಜಗಳ ಯಾಕ್ರಿ ಕುಬೇರಣ್ಣಾರ? ಗ್ವಾಡಿ ಬಾಜೂಕ ಮಂದಿ ಆನಿಕೊಂಡು ಕೂಡ್ರತಾರ, ಅಲ್ಲಿ ಕಲ್ಲು ಹಾಕೂಣು, ಬ್ಯಾಸಿಗ್ಯಾಗ ತಂಪು ಇರತೈತಿ. ನಡುವ ಅಡ್ಡಾಡ್ತಾರ, ಅಲ್ಲಿ ಟೈಲ್ಸ್ ಹಾಕೂಣು, ಕಸ ಹೊಡೀಲಿಕ್ಕೆ ಸಲೀಸು. ಎರಡೂದ್ರ ಲೆವಲ್ ಒಂದ ಮಾಡಿ ಕೊಡ್ತೇನಿ. ಬರಿಗಾಲಿಲೆ ದಾಟಿದ್ರ ಎಲ್ಲಿ ಕಲ್ಲು ಮುಗೀತು ಗೊತ್ತಾಗಬಾರದು."

ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲವಲ್ಲ, ಒಂದು ಕಲ್ಲು, ಒಂದು ಟೈಲ್ಸ್ ಮಂಚದ ಕೆಳಗೆ ಕೂಡಿಸಿ ಇಟ್ಟೆವು. ಸುಕನ್ಯಾ ಅವಳ ಪಾದ ಹಿಡಿದು ಅದರ ಮೇಲೆ ಇರಿಸಿದಳು. ಅವ್ವ ಅಂಗಾಲನ್ನು ಅತ್ತಿಂದಿತ್ತ ಸವರಿ, "ಇರ್ಲಿ, ಎರಡೂ ಇರ್ಲಿ" ಎಂದಳು. ಆ ದಿನ ಎರಡು ಮನೆಯ ಅಡಿಗೆ ಒಂದೇ ಕಡೆ ಆಯಿತು.

ಅಲ್ಲಿಗೆ ಮುಗಿದಿದ್ದರೆ ಈ ಕಾಗದ ಬೇಕಿರಲಿಲ್ಲ. ಗೋಡೆಯ ಬದಿ ಕಲ್ಲು ಎಷ್ಟು ಅಗಲ ಎಂಬುದಕ್ಕೆ ಮತ್ತೆ ಶುರುವಾಯಿತು. ಎರಡು ಕಲ್ಲಿನ ಅಗಲ ಎಂದು ನಾನು, ಒಂದೇ ಕಲ್ಲು ಸಾಕು ಎಂದು ಅವನು. ಒಂದು ದಿನ ನಾನು ಅಮರಗೋಳದ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅವನ ಮಾತು ಕೇಳಿ ಜುಲ್ಫಿಕಾರ ಒಂದು ಕಲ್ಲಿನ ಸಾಲು ಹಾಸಿ, ಅದಕ್ಕೆ ಹತ್ತಿಸಿ ಟೈಲ್ಸ್ ಶುರು ಮಾಡಿದ್ದ. ನಾನು ಚಪ್ಪಲಿಯನ್ನೂ ಬಿಡದೆ ಹಾರೆ ಹಿಡಿದು ಅಷ್ಟನ್ನೂ ಕಿತ್ತೆ. ಮೂರು ಹಳೆಯ ಕಲ್ಲು ಒಡೆದವು. ಅಷ್ಟು ದಪ್ಪದ ಕಲ್ಲು ಈಗ ಸಿಗುವುದಿಲ್ಲ. ಎಲ್ಲಿಯಾದರೂ ಹಳೆಯ ಮನೆ ಕೆಡವುತ್ತಿದ್ದಾರೆಯೇ ಎಂದು ಜುಲ್ಫಿಕಾರ ಊರೆಲ್ಲ ಹುಡುಕಿದ. ಕೊನೆಗೆ ರಾಯಾಪುರದ ಕಡೆ ಒಂದು ಮನೆಯಲ್ಲಿ ಸಿಕ್ಕವು. ಹತ್ತೊಂಬತ್ತು ದಿನ ಕೆಲಸ ನಿಂತಿತು. ಪಡಸಾಲೆ ಅಗೆದು ಹಾಗೇ ಬಿದ್ದಿತ್ತು. ಒಳಗೆ ಮಂಚದ ಮೇಲೆ ಅವ್ವ ದಿನಾ ಕೇಳುತ್ತಿದ್ದಳು, "ಮುಗೀತೇನೋ?" ನಾನು ಹೂಂ, ಹೂಂ ಎನ್ನುತ್ತಿದ್ದೆ. ಆ ಹತ್ತೊಂಬತ್ತು ದಿನ ನನ್ನವು, ಕುಮಾರನವಲ್ಲ. ಕೊನೆಗೆ ಅವನೇ ಸೋತು, "ಎರಡು ಕಲ್ಲ ಹಾಕಪಾ ಜುಲ್ಫಿಕಾರ, ಅಣ್ಣ ಹೇಳಿದಂಗ ಆಗಲಿ" ಎಂದ.

ಬುಧವಾರ ಸಂಜೆಯ ಹೊತ್ತಿಗೆ ನಡುವಿನ ಟೈಲ್ಸ್ ಎಲ್ಲ ಕೂತವು. ಗುರುವಾರ ಬೆಳಿಗ್ಗೆ ಎಂಟಕ್ಕೆ ಅಪ್ಪನ ಗೋಡೆಯ ಬದಿಯ ಕಲ್ಲುಗಳನ್ನು ಹಾಸಿದರು. ಮಳೆಗಾಲ, ಕೆಳಗಿನ ಸಿಮೆಂಟಿನ ಮಾಲು ಒಣಗಲು ಮೂರು ದಿನ ಬೇಕು, ಯಾರೂ ಕಾಲಿಡಬೇಡಿ ಎಂದು ಜುಲ್ಫಿಕಾರ ಹಗ್ಗ ಕಟ್ಟಿದ. ಹತ್ತು ಗಂಟೆಗೆ ಸುಕನ್ಯಾ ಅವ್ವನಿಗೆ ಗಂಜಿ ಕುಡಿಸಲು ಹೋದಳು. ಎರಡು ಚಮಚ ಇಳಿಯಿತು, ಮೂರನೆಯದು ಬಾಯಿಯಿಂದ ಹೊರಗೆ ಬಂತು.

ಒಳಗಿನಿಂದ ನೇರ ಬೀದಿಗೆ ಇರುವುದು ಪಡಸಾಲೆಯ ದಾರಿಯೊಂದೇ, ಅದಕ್ಕೆ ಹಗ್ಗ ಕಟ್ಟಿತ್ತು. ಹಾಗಾಗಿ ಅವ್ವನನ್ನು ಹಿತ್ತಲ ಬಾಗಿಲಿಂದ ಹೊರಗೆ ತಂದು, ಸಂದಿಯಲ್ಲಿ ಸುತ್ತಿಸಿ, ಬೀದಿಯ ಕಟ್ಟೆಗೆ ಒಯ್ದೆವು. ಸಂದಿಯಲ್ಲಿ ಇಬ್ಬರು ಜೋಡಿಯಾಗಿ ನಡೆಯಲು ಜಾಗವಿಲ್ಲ. ಅವಳ ಸೆರಗು ಗೋಡೆಗೆ ಒರೆಸುತ್ತ ಬಂತು. ಅಯ್ಯನವರು ಬಂದು ವಿಭೂತಿ ಹಚ್ಚಿ ಕೂಡಿಸಿದರು. ಎದುರಿಗೆ ಸ್ಕೂಟರು, ಆಟೋ, ಹಾಲಿನ ಗಾಡಿ ಎಲ್ಲ ಹಾಯ್ದು ಹೋಗುತ್ತಿದ್ದವು. ಮಳೆ ಹನಿ ಬಿದ್ದಾಗ ಯಾರೋ ತಾಡಪತ್ರಿ ಹಿಡಿದರು.

ನೀನು ಬಂದಾಗ ಮಧ್ಯಾಹ್ನ ಮೂರು ಗಂಟೆ. ರಿಕ್ಷಾದಿಂದ ಇಳಿದವಳು ಅವ್ವನನ್ನು ನೋಡಿದಿ, ಒಳಗೆ ಹೊಸ ನೆಲ ನೋಡಿದಿ, ನೇರ ಕುಮಾರನ ಎದುರು ನಿಂತಿ. "ನಿನ್ನ ಟೈಲ್ಸಿನ ಸಲುವಾಗಿ ಹಡೆದವ್ವನ್ನ ಬೀದಿಗೆ ತಂದ ಕೂಡಿಸಿದೆಲ್ಲೋ. ಭಿಕ್ಷಾ ಬೇಡಾಕಿ ಕೂತಂಗ ಕೂತಾಳ ನೋಡು" ಎಂದಿ. ಓಣಿಯ ಮಂದಿ ಎಲ್ಲ ಕೇಳಿದರು. ಅವ್ವನ ಗಣಾರಾಧನೆಯ ಊಟದ ದಿನ ಒಂದು ತುತ್ತು ಉಣ್ಣದೆ ಹೋದಿ. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿ, "ಅಣ್ಣಾ, ನೀನೊಬ್ಬವ ಇದ್ದಿ ಅಂತ ಈ ಮನಿಗೆ ಬಂದೆ" ಎಂದಿ.

ನೆಲದ ಸುದ್ದಿ ಹೇಳುತ್ತೇನೆ. ಛಲೋ ಆಗಿದೆ. ಲಗ್ನದ ಮಾತುಕತೆಗೆ ಬಂದ ಬೀಗರು ಇಂಥ ನೆಲ ಎಲ್ಲೂ ನೋಡಿಲ್ಲ, ಹಳೆಯದು ಹಳೆಯದಾಗೇ ಇದೆ, ಹೊಸದು ಹೊಸದಾಗೇ ಇದೆ ಎಂದರು. ಫೋಟೋ ತೆಗೆದುಕೊಂಡರು. ಸೌರಭ ಎಂಬ ಆ ಹುಡುಗ ಗಿರಾಕಿಗಳನ್ನು ಕರೆತಂದು ತೋರಿಸಬಹುದೇ ಎಂದು ಕೇಳಿದ. ಬೈದು ಕಳಿಸಿದೆ. ಜುಲ್ಫಿಕಾರ ಹೇಳಿದ್ದು ಸುಳ್ಳಲ್ಲ, ಬರಿಗಾಲಿಗೆ ಕಲ್ಲು ಎಲ್ಲಿ ಮುಗಿಯಿತು, ಟೈಲ್ಸ್ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಮನೆಯವರು ಎಲ್ಲರೂ ಅಲ್ಲೇ ಕೂಡುತ್ತಾರೆ. ನಾನು ಮಾತ್ರ ಹಿತ್ತಲ ಬಾಗಿಲಿಂದ ಓಡಾಡುತ್ತೇನೆ. ನಿನ್ನ ವೈನಿ ಕೇಳಿದಳು, ಮೆಟ್ಟಿಲು ಕಡಿಮೆ ಎಂದೆ.

ಎಂಟನೇ ತಾರೀಖಿಗೆ ನೀನು ಬಾ. ಎರಡು ದಿನ ಮೊದಲೇ ಬಂದರೆ ಒಳ್ಳೆಯದು, ಅರಿಷಿಣದ ಕೆಲಸಕ್ಕೆ ಹಿರಿಯರು ಬೇಕು. ಸುಮಲತಾಳಿಗೆ ನಿನ್ನ ಮೇಲೆ ಪ್ರೀತಿ, ಏನೂ ಗೊತ್ತಿಲ್ಲದ ಹುಡುಗಿ ಅದು. ನಿನ್ನ ಮಕ್ಕಳಿಗೆ, ಮೊಮ್ಮಗುವಿಗೆ ನನ್ನ ಆಶೀರ್ವಾದ ಹೇಳು. ಬಸವಣ್ಣ ನಿಮ್ಮೆಲ್ಲರನ್ನೂ ಆರೋಗ್ಯವಾಗಿ ಇಟ್ಟಿರಲಿ.

ನಿನ್ನ ಅಣ್ಣ,
ಕುಬೇರಪ್ಪ

ತಾ. ಕ.: ಮೇಲೆ ಬರೆದದ್ದನ್ನು ಮತ್ತೊಮ್ಮೆ ಓದಿದೆ. ಓದಿದವರಿಗೆ ತಪ್ಪೆಲ್ಲ ಹಸಿ ನೆಲದ್ದು ಎನಿಸುತ್ತದೆ. ಹಾಗಲ್ಲ.

ಅವ್ವ ಹೋದ ಅರ್ಧ ತಾಸಿಗೆ ಕುಮಾರ ನಾಲ್ಕು ಹಲಗೆ ತಂದ. ಜುಲ್ಫಿಕಾರ ಕೆಲಸ ಮಾಡುವಾಗ ಹಸಿ ನೆಲದ ಮೇಲೆ ಹಾಕಿಕೊಂಡು ಕೂಡುವ ಹಲಗೆ ಅವು. "ಅಣ್ಣಾ, ಇವನ್ನ ಹಾಸಿ ಅವ್ವನ್ನ ಒಳಗ ಕೂಡಸೋಣು. ನೆಲ ಕೆಟ್ರ ಕೆಡ್ಲಿ. ಆಕಿ ಕೇಳಿದ್ದು ಅದೊಂದ" ಎಂದ. ಜುಲ್ಫಿಕಾರನೂ ಬಂದಿದ್ದ. "ನಾಕು ಕಲ್ಲು ಕುಸಿದಾವು, ಎತ್ತಿ ಮತ್ತ ಕೂಡಸ್ತೇನ್ರಿ. ಅಮ್ಮಾರು ಮತ್ತ ಬರೂದಿಲ್ರಿ ಕುಬೇರಣ್ಣಾರ" ಎಂದ.

ನಾನು ನೆಲ ನೋಡಿದೆ. ನನ್ನ ಎರಡು ಕಲ್ಲಿನ ಅಗಲ, ನಾನು ಹಟ ಹಿಡಿದು ಗೆದ್ದದ್ದು, ಗೆರೆ ಎಳೆದಂತೆ ಕೂತಿತ್ತು. "ಬ್ಯಾಡ. ಇಷ್ಟು ದಿನದ ಕೆಲಸ ಹಾಳ ಮಾಡ್ತೀರೇನು? ಸತ್ತಾಕಿಗೆ ಕಟ್ಟಿ ಆದ್ರೇನು, ಪಡಸಾಲಿ ಆದ್ರೇನು" ಎಂದೆ.

ಕುಮಾರ ನಾಲ್ಕೂ ಹಲಗೆಗಳನ್ನು ಮತ್ತೆ ಹೊತ್ತುಕೊಂಡ. ಹಿತ್ತಲಿಗೆ ಒಯ್ದು ಇಟ್ಟ. ನೀನು ಮಂದಿಯ ಎದುರು ಅವನನ್ನು ಬೈಯುವಾಗ ನಾನು ಮೂರು ಮಾರು ದೂರದಲ್ಲಿ ನಿಂತು ಅವ್ವನ ಹಾರ ಸರಿಪಡಿಸುತ್ತಿದ್ದೆ. ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ಹಾರ ನೋಡಿದೆ. ಇಂದಿನವರೆಗೂ ಅವನು ಯಾರಿಗೂ ಹೇಳಿಲ್ಲ, ಸುಕನ್ಯಾಗೂ ಹೇಳಿಲ್ಲ.

ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು. ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ವೈನಿಗೆ ಒಂದು ಫೋನು ಮಾಡಿ ಹೇಳು. ಸುರಗಿಯ ದಿನ ನಾನು ಮನೆಯಲ್ಲಿ ಇರುವುದಿಲ್ಲ.