ಸಮೋವರ್ ಕಡೆ ತಿರುಗಿದ ಸ್ಪೀಕರ್‌ಗಳು

ತಾಲಾಯ್,

ಅಮ್ಮನ ಮನೆಗೆ ಹೋಗಿ ಸಂಜೆಯೊಳಗೆ ಬರ್ತೀನಿ. ಹಿಟ್ಟಿನುಂಡೆ ಬೋರ್ಸೋಕ್ ಕರಿದು ಬಟ್ಟೆ ಮುಚ್ಚಿಟ್ಟಿದ್ದೀನಿ, ಅತಿಥಿ ಬರೋ ಮುಂಚೆ ಖಾಲಿ ಮಾಡ್ಬೇಡ.

ನೀನು ಎಡಗಡೆ ಸ್ಪೀಕರಿಗೆ ಕೆಂಪು, ಕಪ್ಪು ತಂತಿ ಅದಲುಬದಲು ಮಾಡಿದ್ದೆ. ನಾನು ಸರಿಮಾಡಿದೀನಿ. ನಿಮ್ಮ ಆಫೀಸಿನ ನಜೀರಾ ಹಾಡು ಕೇಳೋಕೆ ಬರ್ತಾಳೆ ಅಂದಾಗಿಂದ ನಿನ್ನ ಕಾಲು ನೆಲದ ಮೇಲೆ ನಿಂತಿಲ್ಲ, ತಂತಿ ಎಲ್ಲಿ ಕಾಣತ್ತೆ!

ಎರಡೂ ಸ್ಪೀಕರನ್ನ ನೀನು ಬಾಗಿಲೆದುರಿನ ಒಳಗೋಡೆ ಪಕ್ಕದ ಅತಿಥಿ ಜಾಗಕ್ಕೇ ಗುರಿಯಿಟ್ಟಿದ್ದೆ, ಅದೂ ಅವಳ ಕಿವಿ ಎತ್ತರಕ್ಕೆ. ಮದುವೆಯಾದಾಗಿಂದ ಬಾಗಿಲ ಹತ್ತಿರ, ನೀರು ಕಾಯಿಸೋ ಸಮೋವರ್ ಪಕ್ಕ ಕೂತು ಚಹಾ ಬಗ್ಗಿಸೋ ನನಗೆ ಬರೀ ಗುಂಯ್ ಅನ್ನೋ ಸದ್ದು.

ಈಗ ಎರಡನ್ನೂ ಸಮೋವರ್ ಕಡೆ ತಿರುಗಿಸಿದೀನಿ. ಮುಟ್ಟಿದ್ರೆ ನೋಡು! ಅತಿಥಿ ಜಾಗದಲ್ಲಿ ಅವಳೇ ಕೂರಲಿ, ಪದ್ಧತಿ ಬಿಡೋಕಾಗಲ್ಲ. ಹಾಡು ಸರಿಯಾಗಿ ಕೇಳೋ ಆಸೆಯಿದ್ರೆ, ನೀನು ನನ್ನ ಪಕ್ಕ ಬಂದು ಕೂರು.

ಬುರುಲ್